ಹೆಬ್ಬಾಗಿಲ ಪಕ್ಕದ ವಾಲಿದ ಮನೆಗಳು

ಕೇಳುಗರಿಗೆ ನಮಸ್ಕಾರ.

ಟ್ಯೂಡರ್ ಶೈಲಿ, ಅಂದರೆ ಇಂಗ್ಲೆಂಡಿನ ಟ್ಯೂಡರ್ ಅರಸರ ಹೆಸರು ಹೊತ್ತ ಕಟ್ಟಡ ಶೈಲಿ, ಎಂದೊಡನೆ ನಮ್ಮಲ್ಲಿ ಅನೇಕರಿಗೆ ಬೆಂಗಳೂರಿನ ಅರಮನೆ ನೆನಪಾಗುತ್ತದೆ. ಕಲ್ಲಿನ ಬುರುಜುಗಳು, ಅವುಗಳ ನೆತ್ತಿಯ ಮೇಲೆ ಕೋಟೆಯ ತೆನೆಗಳು. ಆ ಹೆಸರಿಗೆ ಮರದ ಮುಖವೂ ಒಂದಿದೆ. ಅದನ್ನು ನೋಡಬೇಕಾದರೆ ಇಂಗ್ಲೆಂಡಿನ ವಾರ್ವಿಕ್ ಪಟ್ಟಣದ ಪಶ್ಚಿಮ ಹೆಬ್ಬಾಗಿಲಿಗೆ ಹೋಗಬೇಕು.

ಕೆಳಗೆ ಮರಳುಗಲ್ಲಿನ ಬಂಡೆಯ ನಡುವೆ ಸಾಗುವ ಕಮಾನಿನ ದಾರಿ. ಅದರ ತಲೆಯ ಮೇಲೆ ಸಂತ ಜೇಮ್ಸರ ಪುಟ್ಟ ಪ್ರಾರ್ಥನಾ ಮಂದಿರ. ಪಕ್ಕದಲ್ಲೇ, ಬಾಗಿಲಿಗೆ ಒರಗಿಕೊಂಡಂತೆ, ಮರದ ಮನೆಗಳ ಸಾಲು. ಒಂದೂ ನೆಟ್ಟಗಿಲ್ಲ. ಕಿಟಕಿ ಒಂದು ಕಡೆಗೆ ವಾಲಿದ್ದರೆ ಸೂರು ಇನ್ನೊಂದು ಕಡೆಗೆ ಬಾಗಿದೆ. ಲಾರ್ಡ್ ಲೆಸ್ಟರ್ ಹಾಸ್ಪಿಟಲ್ ಎಂಬುದು ಇದಕ್ಕೆ ಬಹುಕಾಲ ಇದ್ದ ಹೆಸರು. ಹಾಸ್ಪಿಟಲ್ ಎಂದರೆ ಇಲ್ಲಿ ಆಸ್ಪತ್ರೆಯಲ್ಲ, ನೆಲೆಯಿಲ್ಲದವರಿಗೆ ಆಸರೆ ಕೊಡುವ ಮನೆ.

ಮೊದಲ ಸಲ ನೋಡಿದವರಿಗೆ ಈಗ ಬಿತ್ತು, ಇನ್ನೇನು ಬಿತ್ತು ಅನ್ನಿಸುತ್ತದೆ. ಬೀಳುವುದಿಲ್ಲ. ಅಂದಿನ ಬಡಗಿಗಳು ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಕೊಯ್ದು ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಂಬದಲ್ಲಿ ಕೊರೆದ ಬೆಜ್ಜಕ್ಕೆ ತೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಇಲ್ಲೊಂದು ಜಾಣತನವಿದೆ, ಗಮನಿಸಿ. ಗೂಟಕ್ಕೆಂದು ಕೊರೆದ ಕಂಬದ ತೂತು, ನಾಲಿಗೆಯ ತೂತು ಎರಡೂ ನೇರಕ್ಕೆ ಇರುತ್ತಿರಲಿಲ್ಲ. ಬೇಕೆಂದೇ ಕೂದಲೆಳೆಯಷ್ಟು ಆಚೀಚೆ ಕೊರೆಯುತ್ತಿದ್ದರು. ಗೂಟ ಒಳಗಿಳಿದಂತೆ ನಾಲಿಗೆಯನ್ನು ಎಳೆದು ಕಚ್ಚಿ ಹಿಡಿಯುತ್ತಿತ್ತು. ಆಮೇಲೆ ಮರ ಗೋಡೆಯಲ್ಲೇ ಒಣಗಿತು, ಸೆಡೆಯಿತು, ತಿರುಚಿಕೊಂಡಿತು. ಕೀಲುಗಳು ಮಾತ್ರ ಬಿಗಿಯಾಗಿಯೇ ಉಳಿದವು. ಇಂದು ನಮ್ಮ ಕಣ್ಣಿಗೆ ಕಾಣುವ ಸೊಟ್ಟ ಅದೇ.

ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡಿರುವುದೂ ಬರೀ ಅಂದಕ್ಕಲ್ಲ. ಮಾಳಿಗೆಯ ತೊಲೆಗಳ ತುದಿಯನ್ನು ಹೊರಚಾಚಿ ಅದರ ಮೇಲೆ ಮೇಲಿನ ಗೋಡೆಯ ಭಾರ ಕೂರಿಸಿದರೆ, ಒಳಗೆ ನಡುಮನೆಯ ಮೇಲಿನ ತೊಲೆ ಬಾಗುವುದು ಕಡಿಮೆಯಾಗುತ್ತದೆ. ಕಂಬಗಳ ನಡುವಿನ ಖಾಲಿ ಜಾಗಕ್ಕೆ ಕಡ್ಡಿಗಳ ತಡಿಕೆ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿಯುವುದು ಆ ಕಾಲದ ವಾಡಿಕೆ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯ ಮನೆಯಲ್ಲಿ ಬೆಳೆದ ಕೇಳುಗರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಟ್ಯೂಡರ್ ಮನೆ ಎಂದರೆ ಕಪ್ಪು ಮರ, ಬಿಳಿ ಗೋಡೆ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲೂ ಕೂತುಬಿಟ್ಟಿದೆ. ಆ ಕಡುಗಪ್ಪು ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ ಬಳಿತ. ಹಾಗೇ ಬಿಟ್ಟ ಓಕ್ ಮಳೆಬಿಸಿಲಿಗೆ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ನನಗಂತೂ ಆ ಬೂದು ಬಣ್ಣವೇ ಹೆಚ್ಚು ಚೆಂದ.

ಇನ್ನೊಂದು ಮಾತು. ಟ್ಯೂಡರ್ ಅರಸರು ಪಟ್ಟಕ್ಕೆ ಬಂದದ್ದು 1485ರಲ್ಲಿ. ಇಲ್ಲಿನ ಮರಗೆಲಸದ ಬಹುಭಾಗ ಅದಕ್ಕೂ ಹಳೆಯದು, ಊರಿನ ವರ್ತಕರ ಮತ್ತು ಭಕ್ತರ ಸಂಘಗಳು ಕಟ್ಟಿಸಿದ್ದು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ ಆ ಸಂಘಗಳೂ ಹೋದವು. 1571ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಆಪ್ತ, ಲೆಸ್ಟರಿನ ಅರ್ಲ್ ಎಂಬ ಶ್ರೀಮಂತ ಪದವಿಯ ರಾಬರ್ಟ್ ಡಡ್ಲಿ ಈ ಕಟ್ಟಡಗಳನ್ನು ಪಡೆದು, ಮುಪ್ಪಾದ, ಗಾಯಗೊಂಡ ಸೈನಿಕರಿಗೆ ಮನೆ ಮಾಡಿಕೊಟ್ಟ. ಹನ್ನೆರಡು ಮಂದಿ 'ಸಹೋದರರು', ಅವರಿಗೊಬ್ಬ ಮೇಲ್ವಿಚಾರಕ. ಅವರ ನಿಲುವಂಗಿಯ ತೋಳಿನ ಮೇಲೆ ಡಡ್ಲಿಯ ಲಾಂಛನವಾದ ಕರಡಿ ಮತ್ತು ಗಂಟುಗೋಲಿನ ಬೆಳ್ಳಿ ಬಿಲ್ಲೆ. ನಡುವಿನ ಅಂಗಳವನ್ನು ಸುತ್ತಿದ ಮರದ ಮೊಗಸಾಲೆಯಲ್ಲಿ ನಿಂತರೆ ಒಳಮನೆಗಳ ಬಾಗಿಲುಗಳು ಕಾಣುತ್ತವೆ.

1694ರ ಸೆಪ್ಟೆಂಬರಿನಲ್ಲಿ ವಾರ್ವಿಕ್‌ಗೆ ಬೆಂಕಿ ಬಿತ್ತು. ಪಟ್ಟಣದ ನಡುಭಾಗ ಸುಟ್ಟುಹೋಯಿತು, ಸಂತ ಮೇರಿಯ ದೊಡ್ಡ ಚರ್ಚೂ ಉರಿಯಿತು. ಮತ್ತೆ ಎದ್ದ ಮನೆಗಳು ಇಟ್ಟಿಗೆ, ಕಲ್ಲಿನವು. ಆದ್ದರಿಂದಲೇ ಹೆಬ್ಬಾಗಿಲ ಕಡೆಗೆ ಬರುವ ಬೀದಿಯಲ್ಲಿ ಇಂದು ನೇರ ಗೆರೆಯ ಮನೆಗಳನ್ನು ದಾಟಿ ಬಂದವರಿಗೆ, ತುದಿಯಲ್ಲಿ ಬೆಂಕಿಯಿಂದ ಪಾರಾದ ಈ ಸೊಟ್ಟ ಸಾಲು ಥಟ್ಟನೆ ಎದುರಾಗುತ್ತದೆ. ಅದರೊಳಗೆ ಇಂದಿಗೂ ಮಾಜಿ ಯೋಧರು ವಾಸವಾಗಿದ್ದಾರೆ. ಪ್ರಾರ್ಥನೆಯ ಹೊತ್ತಿಗೆ ಅವರು ಮೆಟ್ಟಿಲು ಹತ್ತಿ ಹೆಬ್ಬಾಗಿಲ ಮೇಲಿನ ಆ ಪುಟ್ಟ ಮಂದಿರಕ್ಕೆ ಹೋಗುತ್ತಾರೆ.

ನಮಸ್ಕಾರ.