ಒಬ್ಬರೇ ಎಬ್ಬಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕೋಲಾರದ ಕಡೆ ಹುಣಸೆ ಮರದ ಕೆಳಗೋ ದನದ ಕೊಟ್ಟಿಗೆಯ ಪಕ್ಕದಲ್ಲೋ ಟಾರ್ಪಾಲು ಹೊದ್ದು ಮಲಗಿದ ಹಳೆಯ ಕಾರುಗಳಿವೆ. ಅವುಗಳ ಯಜಮಾನರಿಗೆ ನಾನು ಹೇಳುವುದು ಒಂದೇ ಮಾತು: ಹಳೆಯ ಕಾರನ್ನು ಒಬ್ಬರೇ ಎಬ್ಬಿಸಲು ಹೋಗಬೇಡಿ, ನಾಲ್ಕು ಜನರನ್ನು ಕರೆಯಿರಿ.

ನನ್ನದು ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಸೀಟಿನ, ಬಟ್ಟೆ ಚಾವಣಿಯ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮಡ್‌ಗಾರ್ಡು, ಹೆಡ್‌ಲೈಟುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕುಳಿತು, ಬೆನ್ನು ಬಗ್ಗಿಸದೆ ಇಂಜಿನ್ ಕೆಲಸ ಮಾಡಬಹುದು! ಅವರೇ ರೂಪಿಸಿದ ಹೆರಾಲ್ಡ್ ಕಾರು 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಯಿತು. ಅಕ್ಕ ತಂಗಿಯರಂಥ ಕಾರುಗಳು, ಎಷ್ಟೋ ಬಿಡಿಭಾಗಗಳು ಎರಡಕ್ಕೂ ಹೊಂದುತ್ತವೆ. ನನ್ನ ಕಾರು ಇವತ್ತು ಓಡುತ್ತಿರುವುದು ಆ ನಂಟಿನಿಂದಲೇ.

ಮುಂದಿನ ಚಕ್ರದ ಒಳಗಡೆ ಉಕ್ಕಿನ ಒಂದು ಕಂಬವಿದೆ. ಅದರ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಕೆಳಗಿನ ಟ್ರನಿಯನ್ ಎಂಬ ತುಂಡಿನೊಳಗೆ ತಿರುಗುತ್ತದೆ. ಅಲ್ಲಿಗೆ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಬೇಡ ಎಂದರೆ ಬೇಡ. ನನಗಿಂತ ಹಿಂದೆ ಯಾರೋ ಗ್ರೀಸ್ ತುಂಬಿದ್ದರು. ಅದು ಒಣಗಿ, ನೀರು ಸೇರಿ, ತುಕ್ಕು ಹಿಡಿದು, ಬಂಗಾರಪೇಟೆ ರಸ್ತೆಯ ತಿರುವಿನಲ್ಲಿ ಕಂಬ ಲಟಕ್ಕೆಂದು ಮುರಿಯಿತು. ಎಡಗಡೆಯ ಚಕ್ರ ಕಾರಿನ ಅಡಿಗೆ ಮಡಚಿಕೊಂಡಿತು. ಟೊಮೇಟೊ ಲಾರಿಯ ಹುಡುಗರು ಇಳಿದು ಬಂದರು. ಆರು ಜನ ಹಿಡಿದು ಕಾರನ್ನು ರಸ್ತೆಯ ಬದಿಗೆ ಎತ್ತಿಟ್ಟರು.

ಚೆನ್ನೈನ ಒಬ್ಬ ಹೆರಾಲ್ಡ್ ಪ್ರೇಮಿಗೆ ಫೋನ್ ಮಾಡಿದೆ. ಮುಖ ನೋಡಿದವರಲ್ಲ. ಮೂರನೆಯ ದಿನ ಬಸ್ ಪಾರ್ಸೆಲ್‌ನಲ್ಲಿ ಕಂಬ ಬಂತು. ಅದನ್ನು ಹಿಡಿದುಕೊಂಡು ರಾಬರ್ಟ್‌ಸನ್‌ಪೇಟೆಗೆ, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ ಹಿರಿಯರ ಮನೆಗೆ ಹೋದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹಿತ್ತಲಿನಲ್ಲಿ ಸ್ವಂತ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಇಟ್ಟುಕೊಂಡಿದ್ದಾರೆ. ಅವರು ಕನ್ನಡಕ ಹಾಕಲಿಲ್ಲ. ಥ್ರೆಡ್ಡಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಬಲಗಡೆಯದು ಸ್ವಾಮಿ, ನಿಮ್ಮ ಎಡಗಡೆಯದಕ್ಕೆ ಥ್ರೆಡ್ ಉಲ್ಟಾ ಇರಬೇಕು" ಎಂದರು. ಎರಡು ಕಡೆಗೂ ಥ್ರೆಡ್ ಬೇರೆ ಬೇರೆ ದಿಕ್ಕಿಗೆ ಎಂಬುದು ನನಗೇ ಹೊಳೆದಿರಲಿಲ್ಲ! ಚೆನ್ನೈನಿಂದ ಎಡಗಡೆಯದು ಬರುವಷ್ಟರಲ್ಲಿ ಟ್ರನಿಯನ್ನನ್ನು ಅವರು ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹದಲ್ಲಿ ಕಡೆದಿಟ್ಟಿದ್ದರು. ಕೂಡಿಸಿ, ಎಣ್ಣೆ ಬಿಟ್ಟು, ಎರಡು ಬೆರಳಿನಲ್ಲಿ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು. ಲೋಹದ ದುಡ್ಡು ಬಿಟ್ಟು ಕೂಲಿ ಎಂದು ಒಂದು ರೂಪಾಯಿ ಮುಟ್ಟಲಿಲ್ಲ. "ನಮ್ಮ ಮನೆಯವರನ್ನು ಚಾಂಪಿಯನ್ ರೀಫ್ಸ್‌ವರೆಗೆ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ" ಎಂದರು, ಅಷ್ಟೇ. ಆ ಅಮ್ಮ ಸೆರಗನ್ನು ತಲೆಗೆ ಬಿಗಿದುಕೊಂಡು ದಾರಿಯುದ್ದಕ್ಕೂ ನಕ್ಕರು. ಹೇಳಿ, ಒಬ್ಬನೇ ಗ್ಯಾರೇಜಿನ ಬಾಗಿಲು ಹಾಕಿಕೊಂಡಿದ್ದರೆ ಇವರೆಲ್ಲ ನನಗೆ ಎಲ್ಲಿ ಸಿಗುತ್ತಿದ್ದರು?

ಸಮಯ ಮುಗಿಯುತ್ತಿದೆ, ಎರಡು ಮಾತು ಬೇಗ ಹೇಳುತ್ತೇನೆ. ನಮ್ಮದು ಒಣಹವೆ, ಕರಾವಳಿಯಷ್ಟು ತುಕ್ಕಿನ ಕಾಟವಿಲ್ಲ. ಆದರೆ ಟಾರ್ಪಾಲಿನ ಅಡಿಯಲ್ಲಿ ನೀರು ನಿಲ್ಲಬಾರದು. 50 ವರ್ಷ ದಾಟಿದ, ಮೂಲರೂಪ ಉಳಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಇರುತ್ತವೆ. ಕಾಗದಪತ್ರ ಜೋಪಾನ. ವೈರಿಂಗ್ ವಿಷಯ ಇನ್ನೊಮ್ಮೆ ಹೇಳುತ್ತೇನೆ.

ಗುಜರಿಯವರು ತೂಕದ ಲೆಕ್ಕ ಹೇಳಿಕೊಂಡು ಬಂದರೆ ದಯವಿಟ್ಟು ವಾಪಸು ಕಳಿಸಿ. ಈ ಭಾನುವಾರವೇ ಪಕ್ಕದ ಮನೆಯವರನ್ನು, ಊರಿನ ಹಳೆಯ ಮೆಕ್ಯಾನಿಕ್ಕನ್ನು ಕರೆದು, ಎಲ್ಲರೂ ಸೇರಿ ಆ ಟಾರ್ಪಾಲು ಸರಿಸಿ. ನಮಸ್ಕಾರ.