ಅಣು ಸ್ಥಾವರಕ್ಕೆ ಎಂಥ ಬಿರುಗಾಳಿ ಬರಬಹುದು? ಮಷೀನ್ ಲರ್ನಿಂಗ್ ಹೇಳುತ್ತಾ?

[ಪರದೆ: ರಾತ್ರಿ. ಒಡ್ಡಿನ ಮೇಲಿಂದ ಉಕ್ಕುತ್ತಿರುವ ಅಲೆಗಳು]

1999ರ ಡಿಸೆಂಬರ್ 27ರ ರಾತ್ರಿ. ಫ್ರಾನ್ಸಿನ ಜಿರೋಂಡ್ ಅಳಿವೆ. ದಡದಲ್ಲೇ ಬ್ಲಯೆ ಅಣು ವಿದ್ಯುತ್ ಸ್ಥಾವರ. ಸಮುದ್ರದ ಉಬ್ಬರ ಏರುತ್ತಿತ್ತು. ಬಿರುಗಾಳಿ ಇನ್ನಷ್ಟು ನೀರನ್ನು ಒಳಕ್ಕೆ ನೂಕಿತು. ಅದರ ಮೇಲೆ ಗಾಳಿ ಎಬ್ಬಿಸಿದ ಅಲೆಗಳು ಒಡ್ಡು ದಾಟಿ ಬಂದವು. ಎರಡು ಘಟಕಗಳ ನೆಲಮಾಳಿಗೆಗೆ ನೀರು ನುಗ್ಗಿತು. ಸುರಕ್ಷತೆಗೆಂದೇ ಇಟ್ಟ ಕೆಲವು ಪಂಪುಗಳು ಮುಳುಗಿದವು. ಹೊರಗಿನ ಕೆಲವು ವಿದ್ಯುತ್ ಲೈನುಗಳೂ ಕೈಕೊಟ್ಟವು.

ವಿಕಿರಣ ಸೋರಲಿಲ್ಲ. ಆದರೆ ಗಮನಿಸಿ: ಉಬ್ಬರದ ಲೆಕ್ಕ ಮೊದಲೇ ಇತ್ತು. ಬಿರುಗಾಳಿ ತರುವ ನೀರಿನ ಲೆಕ್ಕವೂ ಇತ್ತು. ಇವೆರಡರ ಮೇಲೆ ಅಲೆಯೂ ಸೇರಿ ಬಂದರೆ ಏನಾಗುತ್ತದೆ ಅನ್ನುವ ಲೆಕ್ಕ ಇರಲಿಲ್ಲ.

ನಮಸ್ಕಾರ. ಮಷೀನ್ ಲರ್ನಿಂಗ್ ಅಂದರೆ ಹಳೆಯ ದಾಖಲೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ. ಇಂಥ ಲೆಕ್ಕಕ್ಕೆ ಅದು ಎಷ್ಟು ನೆರವಾಗುತ್ತದೆ ಅಂತ ಇವತ್ತು ನೋಡೋಣ.

ರಿಯಾಕ್ಟರ್ ನಿಲ್ಲಿಸಿದರೂ ಶಾಖ ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಸುಮಾರು ಶೇ 6ರಿಂದ 7ರಷ್ಟು ಉಳಿದಿರುತ್ತದೆ. 3,000 ಮೆಗಾವ್ಯಾಟ್ ಶಾಖದ ರಿಯಾಕ್ಟರಿನಲ್ಲಿ ಅದು ಸುಮಾರು 200 ಮೆಗಾವ್ಯಾಟ್. ಬೇಗ ಇಳಿಯುತ್ತದೆ, ಆದರೂ ದಿನಗಟ್ಟಲೆ ತಣಿಸುತ್ತಲೇ ಇರಬೇಕು. ಅದಕ್ಕೆ ನೀರು ಬೇಕು, ಪಂಪಿಗೆ ಕರೆಂಟು ಬೇಕು. ಒಂದೇ ಬಿರುಗಾಳಿ ಎರಡಕ್ಕೂ ಕುತ್ತು ತರಬಹುದು.

[ಪರದೆ: ಉದ್ದನೆಯ ಗೆರೆ, 10,000 ವರ್ಷ. ಅದರ ತುದಿಯಲ್ಲಿ ಚಿಕ್ಕ ತುಣುಕು, 100 ವರ್ಷ]

ಯುರೋಪಿನ ನಿಯಂತ್ರಕರು ಸಾಮಾನ್ಯವಾಗಿ 10,000 ವರ್ಷಕ್ಕೊಮ್ಮೆ ಬರುವಂಥ ವಿಪತ್ತಿಗೂ ಸ್ಥಾವರ ಸಿದ್ಧವಿರಬೇಕು ಅನ್ನುತ್ತಾರೆ. ಅಂದರೆ ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ 10,000ದಲ್ಲಿ 1. ಆದರೆ ಬಹುತೇಕ ಕಡೆ ಅಳತೆಯ ದಾಖಲೆ ನೂರು ವರ್ಷವೂ ಇಲ್ಲ. ಉಳಿದದ್ದು ಸಂಖ್ಯಾಶಾಸ್ತ್ರದ ಅಂದಾಜು. ಹವಾಮಾನವೇ ಬದಲಾಗುತ್ತಿರುವಾಗ ಆ ಅಂದಾಜೂ ಅಲುಗಾಡುತ್ತದೆ, ಅಲ್ವಾ?

ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್‌ನಂಥ ಮಷೀನ್ ಲರ್ನಿಂಗ್ ಮಾದರಿಗಳು ದಶಕಗಳ ಹವಾಮಾನ ದಾಖಲೆಯಿಂದ ಕಲಿತಿವೆ. 10 ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತವೆ. ಈ ವೇಗ ಇದ್ದರೆ, ನಡೆದುಹೋದ ಒಂದು ಬೇಸಿಗೆಯ ಜೊತೆಗೆ ನಡೆಯಬಹುದಾಗಿದ್ದ ಸಾವಿರಾರು ಬೇಸಿಗೆಗಳನ್ನೂ ನೋಡಬಹುದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 2023ರ ಬೇಸಿಗೆಗೆ ಇದನ್ನು ಮಾಡಿದರು. ಒಟ್ಟು 7,424 ಆವೃತ್ತಿಗಳು!

ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ. ಉಬ್ಬರದ ಹೊತ್ತಿಗೇ ಬೀಸುವ ಬಿರುಗಾಳಿ, ಬಿಸಿಗಾಳಿಯ ಜೊತೆಗೇ ಬತ್ತುವ ನದಿ. ಇಂಥ ಜೋಡಿಗಳು ನೂರು ವರ್ಷದ ದಾಖಲೆಯಲ್ಲಿ ಒಮ್ಮೆಯೂ ಕಾಣಿಸದೇ ಇರಬಹುದು. ಸಾವಿರಾರು ಆವೃತ್ತಿಗಳಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಜಾಸ್ತಿ.

ಆದರೆ ಮಾದರಿ ನೋಡದೇ ಇರುವುದನ್ನು ಊಹಿಸಬಲ್ಲುದೇ? ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಇದನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿತು. ಕಲಿಕೆಯ ದತ್ತಾಂಶದಿಂದ 3ರಿಂದ 5ನೇ ದರ್ಜೆಯ ಚಂಡಮಾರುತಗಳನ್ನೆಲ್ಲ ತೆಗೆದುಹಾಕಿದರು. ಆಮೇಲೆ 5ನೇ ದರ್ಜೆಯದನ್ನು, ಅಂದರೆ ಅತಿ ಬಲವಾದದ್ದನ್ನು, ಎದುರಿಗಿಟ್ಟರು. ಮಾದರಿ ಅದರ ಬಲವನ್ನು ಕಡಿಮೆ ಅಂದಾಜಿಸಿತು. ಸ್ಥಾವರದ ಮಟ್ಟಿಗೆ ಅಪಾಯಕಾರಿ ತಪ್ಪು ಅಂದರೆ ಇದೇ.

ಇನ್ನೊಂದು ತೊಡಕು. ಈ ಮಾದರಿಗಳು ಹೆಚ್ಚಾಗಿ ಕಲಿಯುವುದು ಇಆರ್‌ಎ5 ಎಂಬ, ಇಡೀ ಭೂಮಿಯನ್ನು ಚೌಕಗಳಾಗಿ ಹಂಚಿ ಹಿಂದಿನ ಹವಾಮಾನವನ್ನು ಬರೆದಿಟ್ಟ ದಾಖಲೆಯಿಂದ. ಅದರ ಒಂದೊಂದು ಚೌಕದ ಅಗಲ ಸುಮಾರು 31 ಕಿಲೋಮೀಟರ್. 2020ರ ಆಗಸ್ಟ್ 10ರಂದು ಅಮೆರಿಕದ ಅಯೋವಾದಲ್ಲಿ ಡೆರೇಚೊ ಎಂಬ ಗುಡುಗುಗಾಳಿ ಡುವೇನ್ ಆರ್ನಾಲ್ಡ್ ಸ್ಥಾವರದ ಹೊರಗಿನ ವಿದ್ಯುತ್ತನ್ನು ಕಡಿದುಹಾಕಿತು, ತಣಿಸುವ ಗೋಪುರಗಳನ್ನು ಮುರಿಯಿತು. ಡೀಸೆಲ್ ಜನರೇಟರುಗಳು ಸ್ಥಾವರವನ್ನು ಕಾಪಾಡಿದವು. ಅಂಥ ಗಾಳಿಯ ನಿಜವಾದ ಹೊಡೆತ 31 ಕಿಲೋಮೀಟರ್ ಚೌಕದಲ್ಲಿ ಮಸುಕಾಗಿಬಿಡುತ್ತದೆ.

[ಪರದೆ: ಅಂಕಿಯೊಂದು, ಅದರ ಮೇಲೆ ಕೆಳಗೆ ಹರಡಿದ ಪಟ್ಟಿ]

ಹಾಗಂತ ಮಾದರಿಗಳನ್ನು ಬಿಡಬೇಕಾಗಿಲ್ಲ. ಭೌತಶಾಸ್ತ್ರದ ಲೆಕ್ಕವನ್ನೂ ಪಕ್ಕದಲ್ಲಿಡಬೇಕು. ಗೊತ್ತಿರುವ ಅತಿ ದೊಡ್ಡ ಬಿರುಗಾಳಿಯನ್ನು ಬೇಕೆಂದೇ ಮುಚ್ಚಿಟ್ಟು, ಮಾದರಿ ಅದನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಆ ಫಲಿತಾಂಶ ಜನರಿಗೂ ಸಿಗಬೇಕು. ನಿಮ್ಮ ದೇಶದ ನಿಯಂತ್ರಕರು ಒಡ್ಡಿನ ಎತ್ತರಕ್ಕೆ ಒಂದೇ ಒಂದು ಅಂಕಿ ಕೊಟ್ಟರೆ, ಅದರ ಮೇಲೆ ಕೆಳಗೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಕೇಳಿ.