ಆರಿದ್ರಾ ಮಳಿ ಬಿದ್ದಾಗ ಆರಿದ್ರಾ ಚಿಕ್ಕಿ ಎಲ್ಲಿರತೈತಿ?

ನಮಸ್ಕಾರ್ರಿ. ಡಂಬಳದ ಹತ್ರ ಮಾವನ ಹೊಲದಾಗ ಅದೀನಿ. ಇವತ್ತ ಎಳ್ಳಮಾಸಿ. ಚರಗ ಚೆಲ್ಲಿ, ಉಂಡು, ಮಂದಿ ಎಲ್ಲ ಊರಿಗೆ ಹೊಳ್ಳಿ ಹೋದ್ರು. ನಾನು, ಮಾವ ಉಳದೀವಿ. ಇಂಥಾ ಅಮಾಸಿ ಕತ್ತಲಿ ಬಿಟ್ಟ ಹೋಗಾಕ ಮನಸ್ಸಾಗಲಿಲ್ಲ.

ರಾತ್ರಿ ಒಂಬತ್ತಾತು. ಮೊಬೈಲ್ ಕಿಸೆದಾಗ ಇಟ್ಟು ಇಪ್ಪತ್ತ ನಿಮಿಷ ಸುಮ್ಮ ಕುಂದರ್ರಿ, ಕಣ್ಣು ಕತ್ತಲಿಗೆ ಹೊಂದಬೇಕು. ವ್ಲಾಗ್ ಮಾಡಾವ್ರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಈಗ ಪೂರ್ವಕ್ಕ ಮುಖ ಮಾಡ್ರಿ. ಮೂರು ಚಿಕ್ಕಿ, ಒಂದರ ಮ್ಯಾಲೊಂದು, ಸಾಲಾಗಿ ನಿಂತಾವ. ಅದು ಮಹಾವ್ಯಾಧನ (ಬ್ಯಾಟೆಗಾರನ ಆಕಾರದ ಚಿಕ್ಕಿ ಗುಂಪು, ಇಂಗ್ಲಿಷ್‌ನ್ಯಾಗ ಓರಿಯನ್) ನಡುಪಟ್ಟಿ. ಇದೊಂದ ಸಿಕ್ಕರ ಮುಂದ ಯಾವ ಆ್ಯಪೂ ಬ್ಯಾಡ. ಎಡಕ್ಕ ಕೆಂಪಗ ಕಾಣೂದು ಆರಿದ್ರಾ, ಬಲಕ್ಕ ಬೆಳ್ಳಗ ಇರೂದು ರೈಜೆಲ್. ಸಾಲನ್ನ ಹಂಗ ಮ್ಯಾಲ ಎಳದರ ರೋಹಿಣಿ, ಇನ್ನಷ್ಟ ಮುಂದ ಕೃತ್ತಿಕಾ ಗುಂಪು. ಕೆಳಗ ಎಳದರ ಲುಬ್ಧಕ, ಆಕಾಶದಾಗ ಎಲ್ಲಾ ಚಿಕ್ಕಿಗಿಂತ ಹೊಳಪು. ಅದರ ಬೆಳಕು ನಮಗ ಮುಟ್ಟಾಕ 8.6 ವರ್ಷ ಬೇಕು. ಆರಿದ್ರಾದ ಬೆಳಕಿಗೆ ನೂರಾರು ವರ್ಷ.

ಮಿರಗ, ಅಂದ್ರ ಮೃಗಶಿರಾ, ಹುಡುಕೂದು ತುಸು ತ್ರಾಸ. ಆರಿದ್ರಾದ ಮ್ಯಾಲ, ಸ್ವಲ್ಪ ಎಡಕ್ಕ, ಮಂದ ಮೂರು ಚಿಕ್ಕಿ ಒತ್ತೊತ್ತಾಗಿ ಅದಾವ. ಗದಗ ಪ್ಯಾಟ್ಯಾಗ ನಿಂತು ನೋಡಿದ್ರ ಇವು ಸಿಗೂದು ಕಷ್ಟ.

ಇಷ್ಟೊತ್ತು ಸುಮ್ಮ ಕೇಳಿದ ಮಾವ, "ಅಲ್ಲೋ ತಮ್ಮಾ, ರೋಹಿಣಿ, ಮಿರಗ, ಆರಿದ್ರಾ ಅಂದ್ರ ನಮ್ಮ ಮುಂಗಾರಿ ಮಳಿ. ಈ ಥಂಡ್ಯಾಗ ಇಲ್ಲೇನ ಮಾಡಾಕತ್ತಾವು?" ಅಂದ್ರು.

ಭಾರೀ ಪ್ರಶ್ನೆರೀ ಅದು. ಮಳಿ ಹೆಸರು ರಾತ್ರಿ ಕಾಣೂ ಚಿಕ್ಕಿದಲ್ಲ, ಸೂರ್ಯ ಯಾವ ನಕ್ಷತ್ರದಾಗ ಇರತಾನೋ ಅದರದು. 27 ನಕ್ಷತ್ರ, ಒಂದೊಂದಕ್ಕ 13-14 ದಿವಸ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕ ಮಿರಗ, 22ಕ್ಕ ಆರಿದ್ರಾ. ನಾವು ಹೆಸರಕಾಳು ಬಿತ್ತೂ ಹೊತ್ತಿನ್ಯಾಗ ಈ ಚಿಕ್ಕಿಗೋಳು ಸೂರ್ಯನ ಜೋಡಿನ ಹುಟ್ಟಿ, ಅವನ ಜೋಡಿನ ಮುಳಗತಾವ. ಮಳಿ ಅವರದು, ಆದ್ರ ಮಾರಿ ಕಾಣೂದಿಲ್ಲ! ಆರು ತಿಂಗಳಿಗೆ ಭೂಮಿ ಸೂರ್ಯನ ಆಚಿ ಕಡೆ ಬರತೈತಿ, ಆವಾಗ ಅವ ಚಿಕ್ಕಿ ರಾತ್ರಿಪೂರಾ ನಮಗ ಕಾಣತಾವ.

ಧ್ರುವ ನಕ್ಷತ್ರ ಬೇಕನ್ನಾವ್ರು ಉತ್ತರಕ್ಕ ಕೈ ಚಾಚಿ ಮುಷ್ಟಿ ಹಿಡೀರಿ. ಒಂದ ಮುಷ್ಟಿ ಸುಮಾರು 10 ಡಿಗ್ರಿ. ಊರಿನ ಅಕ್ಷಾಂಶ ಎಷ್ಟೋ, ಧ್ರುವ ಸುಮಾರು ಅಷ್ಟ ಡಿಗ್ರಿ ಎತ್ತರಕ್ಕ ಇರತೈತಿ. ನಮ್ಮ ಅಕ್ಷಾಂಶ 15ರ ಆಸುಪಾಸು ಐತಿ, ಹಂಗಾಗಿ ನೆಲದಿಂದ ಒಂದೂವರಿ ಮುಷ್ಟಿ ಎತ್ತರಕ್ಕ ನೋಡ್ರಿ. ಭಾಳ ಹೊಳಪಿರೂದಿಲ್ಲ ಅದು.

ಮಾವ ಈಗ ಸ್ವಾತಿ ತೋರಸು ಅಂತ ಗಂಟ ಬಿದ್ದಾರ. ಅದು ಹುಟ್ಟೂದು ನಡುರಾತ್ರಿ ದಾಟಿದ ಮ್ಯಾಲ. ಕ್ಯಾಮೆರಾ ಬ್ಯಾಟರಿ ಅಲ್ಲೀತನಕ ಬರೂದಿಲ್ಲ, ಮಾವ ಆಗಲೇ ಕೌದಿ ಹೊದ್ದು ಚಾ ಕಾಸಾಕ ಕುಂತಾರ.